ರೋಗಕ್ಕೆ ಇಲ್ಲದ ಗಡಿ ಮದ್ದಿಗೇಕೆ?

(ಹಲವಾಗಲಿನಲ್ಲಿ ಗ್ರಾಮಸ್ಥರನ್ನೂ ಉಪಾಧ್ಯಾಯರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಆರೋಗ್ಯದ ವಿಷಯವಾಗಿ ಮಾತನಾಡಲು ವೈದ್ಯರನ್ನು ಬಿಟ್ಟು ವಕೀಲನನ್ನು ಕರೆಯಿಸಿದ್ದೇಕೆಂದು ತಮ್ಮಲ್ಲಿ ಕೆಲವರಿಗೆ ಸೋಜಿಗವಾಗಿರಬಹುದು. ರೋಗದ ನಿದಾನವೂ ಚಿಕಿತ್ಸೆಯೂ ವೈದ್ಯರ ಅಧಿಕಾರ. ಅದರಲ್ಲಿ ನಾನು ಕೈಹಾಕಲಾರೆ. ಆದರೆ ಒಂದು ಊರಿನ ಆರೋಗ್ಯವು ವೈದ್ಯರ ಕೈಯಲ್ಲಿ ಮಾತ್ರ ಇರುವದಿಲ್ಲ. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಹೆರಿಗೆಯ ಬೇನೆ ಕಂಡ ಹೆಣ್ಣುಮಗಳನ್ನು ಕರೆದೊಯ್ಯುವ ಗಾಡಿ ಯಾವಾಗ ಬಂದೀತು, ಪುಕ್ಕಟೆಯಾಗಿ ಸಿಗತಕ್ಕ ಮದ್ದಿಗೆ ಹಣ ಕೇಳಿದರೆ ಯಾರ ಮುಂದೆ ಹೋಗಬೇಕು — ಇವೆಲ್ಲ ಆಡಳಿತದ ಪ್ರಶ್ನೆಗಳು, ಹಕ್ಕಿನ ಪ್ರಶ್ನೆಗಳು. ಈ ಮಟ್ಟಿಗೆ ನನಗೂ ಮಾತನಾಡಲು ಅವಕಾಶವುಂಟೆಂದು ಭಾವಿಸಿ ತಮ್ಮೆದುರು ನಿಂತಿದ್ದೇನೆ.

ತಾವು ಕುಳಿತಿರುವ ಈ ಊರಿನ ನೆಲೆಯನ್ನೇ ಮೊದಲು ನೋಡಿರಿ. ಹಲವಾಗಲು ತುಂಗಭದ್ರೆಯ ದಂಡೆಯ ಊರು. 1953ರ ವರೆಗೆ ಈ ದಂಡೆಯ ಹರಪನಹಳ್ಳಿ ತಾಲೂಕು ಬಳ್ಳಾರಿ ಜಿಲ್ಲೆಯೊಡನೆ ಮದ್ರಾಸಿಗೆ ಸೇರಿತ್ತು. ಹೊಳೆಯಾಚೆಯ ರಾಣೇಬೆನ್ನೂರು ಸೀಮೆ ಧಾರವಾಡ ಜಿಲ್ಲೆಯೊಡನೆ ಮುಂಬಯಿಗೆ ಸೇರಿತ್ತು. ಹೊಳೆಯ ಮೇಲ್ಗಡೆಯ ಹರಿಹರ, ದಾವಣಗೆರೆಗಳು ಮೈಸೂರು ಸಂಸ್ಥಾನದವು. ಒಂದೇ ಹೊಳೆಯ ನೀರು ಕುಡಿಯುವ, ಒಂದೇ ಮಾತನ್ನಾಡುವ, ಒಬ್ಬರ ಮನೆಯ ಹೆಣ್ಣನ್ನು ಒಬ್ಬರು ತರುವ ಈ ಜನಕ್ಕೆ ಮೂರು ಸರಕಾರಗಳು, ಮೂರು ಕಾನೂನುಗಳು, ಮೂರು ಆರೋಗ್ಯ ಖಾತೆಗಳು! ಮೈಸೂರು ಸರಕಾರವು 1929ರಲ್ಲಿ ಮಂಡ್ಯದಲ್ಲಿ ಹಳ್ಳಿಗರಿಗಾಗಿ ಆರೋಗ್ಯ ಘಟಕವನ್ನು ತೆರೆಯಿತು. ಮದ್ರಾಸು ಸರಕಾರವು 1939ರಲ್ಲಿ ಸಾರ್ವಜನಿಕ ಆರೋಗ್ಯದ ಕಾಯಿದೆಯನ್ನು ಮಾಡಿ ಭಾರತದಲ್ಲಿ ಅಂಥ ಕಾಯಿದೆ ಮಾಡಿದವರಲ್ಲಿ ಮೊದಲಿನದಾಯಿತು. ಜಾತ್ರೆ ಉತ್ಸವಗಳಲ್ಲಿ ನೀರು ನೈರ್ಮಲ್ಯಗಳ ಏರ್ಪಾಡಿಗೂ ಅದರಲ್ಲಿ ವಿಧಿಯಿತ್ತು. ಎರಡೂ ಮೆಚ್ಚತಕ್ಕ ಕೆಲಸಗಳೇ. ಆದರೆ ಮಂಡ್ಯದ ಪ್ರಯೋಗದ ಫಲವು ಸಂಸ್ಥಾನದ ಗಡಿಗಲ್ಲನ್ನು ದಾಟಿ ಹಲವಾಗಲಿಗೆ ಬರುವಂತಿರಲಿಲ್ಲ. ಮದ್ರಾಸಿನ ಕಾಯಿದೆಯು ಹರಿಗೋಲು ಹತ್ತಿ ಆಚೆದಂಡೆಗೆ ಹೋಗುವಂತಿರಲಿಲ್ಲ.

ರೋಗಗಳಿಗೆ ಇಂಥ ಅಡ್ಡಿ ಇರಲಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿಯನ್ನು ಮುಟ್ಟಿ, 1898ರಲ್ಲಿ ಬೆಂಗಳೂರನ್ನು ಹೊಕ್ಕಿತು. ಮುಂಬಯಿ ಸರಹದ್ದು ಮುಗಿದು ಮೈಸೂರಿನದು ಮೊದಲಾಯಿತೆಂದು ಹರಿಹರದಲ್ಲಿ ಅದು ಇಳಿದುಕೊಳ್ಳಲಿಲ್ಲ. ಕಾಲರಾ ಬೇನೆಯ ರೀತಿಯನ್ನು ಬಲ್ಲವರಿಗೆ ಬೇರೆ ಹೇಳಬೇಕಾದದ್ದಿಲ್ಲ. ಮೇಲಿನ ಊರಿನ ಹೊಲಸು ಕೆಳಗಿನ ಊರಿನ ಕೊಡಕ್ಕೆ ಬರುತ್ತದೆ. ಮೈಲಾರದ ಜಾತ್ರೆಗೂ ಕುರುವತ್ತಿಯ ಜಾತ್ರೆಗೂ ಹೊಳೆಯ ಎರಡೂ ದಂಡೆಯಿಂದ ಭಕ್ತರು ನೆರೆಯುತ್ತಾರೆ. ಒಂದು ಸೀಮೆಯಿಂದ ಬಂದ ಬೇನೆಯು ಮೂರು ಸೀಮೆಗೆ ಹಂಚಿಕೊಂಡು ಹೋಗಲು ಒಂದು ಜಾತ್ರೆ ಸಾಕು. ರೋಗಕ್ಕೆ ಗಡಿಯಿಲ್ಲ, ಮದ್ದಿಗೆ ಮಾತ್ರ ಗಡಿಯುಂಟು ಎಂಬ ಈ ವಿಪರೀತವೇ ನಮ್ಮ ಇಂದಿನ ವಿಚಾರದ ಮೂಲ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲೂಕುಗಳು ಮೈಸೂರನ್ನು ಸೇರಿದವು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. 1956ರ ನವಂಬರ್ 1ರಂದು ಆಚೆದಂಡೆಯವರೂ ಈಚೆದಂಡೆಯವರೂ ಒಂದೇ ಸರಕಾರದ ಪ್ರಜೆಗಳಾದರು. ಅಂದಿನಿಂದ ಗಡಿಯ ಪ್ರಶ್ನೆ ತೀರಿತೆಂದು ತಿಳಿದೆವು. ತೀರಲಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿ ತಾಲೂಕು ಬಳ್ಳಾರಿಯನ್ನು ಬಿಟ್ಟು ಅದನ್ನು ಸೇರಿತು. ಊರಿಗೆ ಹತ್ತಿರದ ಪಟ್ಟಣ, ದೊಡ್ಡ ಆಸ್ಪತ್ರೆ. ಜನಕ್ಕೆ ಅದು ಅನುಕೂಲವೇ ಆಯಿತು. ದಾವಣಗೆರೆಯ ಜಿಲ್ಲಾ ಆಸ್ಪತ್ರೆ ಹೊತ್ತಿರುವ ಹೆಸರು ಚಿಗಟೇರಿ. ಆ ಹೆಸರಿನ ಊರು ನಮ್ಮ ತಾಲೂಕಿನದೇ. ಆದರೆ 2012ರಲ್ಲಿ ಸಂವಿಧಾನಕ್ಕೆ 98ನೆಯ ತಿದ್ದುಪಡಿಯಾಗಿ 371ಜೆ ಎಂಬ ಅನುಚ್ಛೇದ ಬಂದಾಗ, ಬೀದರ, ಗುಲಬರ್ಗಾ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ವಿಶೇಷ ಸೌಲಭ್ಯ ದೊರೆಯಿತು. ಹದಿನೈದು ವರ್ಷದ ಹಿಂದೆ ಎಳೆದ ಒಂದು ಗೆರೆಯ ದೆಸೆಯಿಂದ ಹರಪನಹಳ್ಳಿ ಹೊರಗುಳಿಯಿತು. ಪಕ್ಕದ ಹಡಗಲಿಯ ಹುಡುಗನಿಗೆ ವೈದ್ಯಕೀಯ ಕಾಲೇಜಿನಲ್ಲಿ ದೊರೆತ ಮೀಸಲು ಸ್ಥಾನ ಹಲವಾಗಲಿನ ಹುಡುಗನಿಗೆ ದೊರೆಯಲಿಲ್ಲ. ಜನರು ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ತಾಲೂಕನ್ನು ಮರಳಿ ಬಳ್ಳಾರಿಗೆ ಸೇರಿಸುವ ನಿರ್ಧಾರವಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿ, ಹೊಸಪೇಟೆ ನಮ್ಮ ಜಿಲ್ಲಾಸ್ಥಳವಾಯಿತು.

ಹೀಗೆ ಕಾಲು ಶತಮಾನದೊಳಗೆ ಒಂದೇ ತಾಲೂಕು ಮೂರು ಜಿಲ್ಲೆಗಳನ್ನು ಕಂಡಿತು. ರೋಗಿಯ ಮನೆಯವರು ಮಾತ್ರ ಇಂದಿಗೂ ಹತ್ತಿರವಾದ ಹರಿಹರ ದಾವಣಗೆರೆಗಳ ಕಡೆಗೇ ಮುಖ ಮಾಡುತ್ತಾರೆ, ಅದು ಸಹಜ. "ನೀವು ಬೇರೆ ಜಿಲ್ಲೆಯವರು" ಎಂದು ತುರ್ತಿನ ರೋಗಿಯನ್ನು ಹಿಂದಿರುಗಿಸುವ ಅಧಿಕಾರ ಯಾವ ಸರಕಾರೀ ಆಸ್ಪತ್ರೆಗೂ ಇಲ್ಲ. ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದ ಒಬ್ಬ ಕೂಲಿಕಾರನನ್ನು ಒಂದರ ಮೇಲೊಂದು ಸರಕಾರೀ ಆಸ್ಪತ್ರೆಗಳು ಜಾಗವಿಲ್ಲವೆಂದು ಕಳಿಸಿದವು. ಆ ವ್ಯಾಜ್ಯದಲ್ಲಿ 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಕಾಲದಲ್ಲಿ ತುರ್ತು ಚಿಕಿತ್ಸೆ ಕೊಡದಿರುವದು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿಗೇ ಭಂಗವೆಂದು ತೀರ್ಪಿತ್ತಿತು. ಹಣದ ಕೊರತೆಯ ನೆವವನ್ನು ಒಪ್ಪಲಿಲ್ಲ. ಈ ಒಂದು ತೀರ್ಪನ್ನಾದರೂ ಪ್ರತಿಯೊಬ್ಬ ಉಪಾಧ್ಯಾಯನೂ ತಿಳಿದಿರತಕ್ಕದ್ದು.

ಮಹನೀಯರೇ, ಒಂದಾಗಿ ದುಡಿದರೆ ಏನಾಗುತ್ತದೆಂಬದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಹಿರಿಯರಿಗೆ ನಾರುಹುಣ್ಣಿನ ನೆನಪಿದ್ದೀತು. ಮೆಟ್ಟಿಲ ಬಾವಿಯ ನೀರಿನೊಡನೆ ಕಣ್ಣಿಗೆ ಕಾಣದಷ್ಟು ಸಣ್ಣ ಜಲಕೀಟವು ಹೊಟ್ಟೆಗಿಳಿದು, ಅದರೊಳಗಿನ ಹುಳುವಿನ ಮರಿ ಮೈಯಲ್ಲಿ ಬೆಳೆದು, ವರ್ಷ ಕಳೆದ ಮೇಲೆ ಕಾಲಿನಲ್ಲಿ ಹುಣ್ಣಾಗಿ ನಾರಿನಂತೆ ಹೊರಬರುತ್ತಿತ್ತು. ಉರಿ ತಾಳಲಾರದೆ ರೋಗಿ ಅದೇ ಬಾವಿಯಲ್ಲಿ ಕಾಲಿಟ್ಟರೆ ಹುಳು ಮತ್ತೆ ಮರಿಗಳನ್ನು ಬಿಡುತ್ತಿತ್ತು. ಇದಕ್ಕೆ ಚುಚ್ಚುಮದ್ದಿಲ್ಲ, ಗುಣಪಡಿಸುವ ಗುಳಿಗೆಯೂ ಇಲ್ಲ. ಆದರೂ ಅದು ಹೋಯಿತು! 1983-84ರಿಂದ ದೇಶದಾದ್ಯಂತ ನಡೆದ ಕೆಲಸವೆಂದರೆ ನೀರನ್ನು ಬಟ್ಟೆಯಲ್ಲಿ ಸೋಸುವದು, ಮೆಟ್ಟಿಲ ಬಾವಿಗೆ ಇಳಿಯದಂತೆ ಮಾಡುವದು, ಕೈಪಂಪು ಹಾಕಿಸುವದು, ಮನೆಮನೆಗೆ ಹೋಗಿ ರೋಗಿಯನ್ನು ಹುಡುಕುವದು — ಇಷ್ಟೇ. ಕರ್ನಾಟಕವೂ ರೋಗಪೀಡಿತ ರಾಜ್ಯಗಳಲ್ಲೊಂದಾಗಿತ್ತು. 1996ರಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ ಕಂಡನು. 2000ದ ಫೆಬ್ರವರಿಯಲ್ಲಿ ಭಾರತ ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅದಕ್ಕೂ ಮೊದಲು 1975ರಲ್ಲಿ ಸಿಡುಬು ಈ ದೇಶವನ್ನು ಬಿಟ್ಟು ಹೋಗಿತ್ತು. ಪೋಲಿಯೋದ ಕೊನೆಯ ರೋಗಿ ಕಂಡದ್ದು 2011ರ ಜನವರಿಯಲ್ಲಿ. ಈ ಜಯಗಳಲ್ಲಿ ಶಾಲೆಯ ಮಾಸ್ತರರ ಪಾಲು ವೈದ್ಯರ ಪಾಲಿಗಿಂತ ಕಿರಿದಲ್ಲ.

ಆದರೆ ಒಂದು ಬಾಗಿಲು ಮುಚ್ಚುವಾಗ ಇನ್ನೊಂದನ್ನು ನೋಡಿಕೊಳ್ಳಬೇಕು. ಮೆಟ್ಟಿಲ ಬಾವಿಯನ್ನು ಬಿಡಿಸಿದ ಕೊಳವೆ ಬಾವಿಯು ನಮ್ಮ ಒಣ ಸೀಮೆಯಲ್ಲಿ ಆಳಕ್ಕಿಳಿದಂತೆ ಕಲ್ಲಿನೊಳಗಿನ ಫ್ಲೋರೈಡನ್ನು ಮೇಲಕ್ಕೆ ತಂದಿತು. ಒಂದು ಲೀಟರು ನೀರಿನಲ್ಲಿ ಇದು ಒಂದು ಮಿಲಿಗ್ರಾಮಿನೊಳಗೆ ಇರತಕ್ಕದ್ದು; ಬೇರೆ ನೀರಿಲ್ಲದಾಗ ಒಂದೂವರೆಯ ತನಕ ಸಹಿಸಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕೆ ಮೀರಿದ ನೀರನ್ನು ಬಹುಕಾಲ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಕೀಲು ಬೆನ್ನುಗಳು ಬಿಗಿಯುತ್ತವೆ. ಈ ನೀರು ಕಣ್ಣಿಗೆ ತಿಳಿ, ನಾಲಿಗೆಗೆ ಸವಿ. ಕಾಯಿಸಿದರೂ ಫ್ಲೋರೈಡು ಹೋಗದು. ನೀರು ಇಂಗಿದಷ್ಟು ಅದು ಗಟ್ಟಿಯಾಗುತ್ತದೆ. ಪರೀಕ್ಷೆ ಮಾಡಿಸಿ ನೋಡುವದೊಂದೇ ದಾರಿ. ತರಗತಿಯಲ್ಲಿ ಸಾಲಾಗಿ ಕುಳಿತ ಮಕ್ಕಳ ಹಲ್ಲುಗಳನ್ನು ದಿನವೂ ನೋಡುವವರು ಉಪಾಧ್ಯಾಯರು. ಊರಿನ ಯಾವ ಕೇರಿಯ ನೀರು ಕೆಟ್ಟಿದೆಯೆಂದು ಮೊದಲು ಅರಿಯಬಲ್ಲವರೂ ಅವರೇ.

ನೀರಿನ ಇನ್ನೊಂದು ಮುಖವನ್ನು ಪಕ್ಕದ ಹಡಗಲಿ ತಾಲೂಕಿನ ಮಕರಬ್ಬಿ ಕಂಡಿತು. 2021ರಲ್ಲಿ ಅಲ್ಲಿ ಕಲುಷಿತವಾದ ಕುಡಿಯುವ ನೀರಿನಿಂದ ನೂರಾರು ಜನ ವಾಂತಿಭೇದಿಯಿಂದ ನರಳಿದರು. ಆರು ಮಂದಿ ತೀರಿಕೊಂಡರೆಂದು ವರದಿಯಾಯಿತು. ನಲ್ಲಿ ಬಂದರೆ ಸಾಲದು, ನಲ್ಲಿಯ ಕೊಳವೆ ಗಟಾರದ ನೀರಿಗೆ ತಾಗದಿರಬೇಕು, ತೊಟ್ಟಿಯನ್ನು ತೊಳೆಯಬೇಕು, ಕ್ಲೋರಿನ್ ಬೆರೆಸಿದ್ದು ಕೊನೆಯ ಮನೆಯ ನಲ್ಲಿಯಲ್ಲೂ ಉಳಿದಿದೆಯೇ ಎಂದು ನೋಡಬೇಕು. ಇದು ಗ್ರಾಮ ಪಂಚಾಯಿತಿಯ ಧರ್ಮ. ಭೇದಿ ಹತ್ತಿದ ಮಗುವಿಗೆ ಮೊದಲು ಬೇಕಾದದ್ದು ಉಪ್ಪು ಸಕ್ಕರೆಯ ದ್ರಾವಣ. ಆಶಾ ಕಾರ್ಯಕರ್ತೆಯ ಹತ್ತಿರ ಅದರ ಪೊಟ್ಟಣ ಸಿಗುತ್ತದೆ. ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡನ್ನೂ ಮಟ್ಟಸವಾಗಿ ಅಳೆದು ಕಲಸಿ ಗುಟುಕು ಗುಟುಕಾಗಿ ಕುಡಿಸತಕ್ಕದ್ದು. ಭೇದಿಯಾದಾಗ ನೀರು ಕೊಡಬಾರದೆಂಬ ಹಳೆಯ ನಂಬಿಕೆಯಷ್ಟು ಘಾತಕವಾದದ್ದು ಇನ್ನೊಂದಿಲ್ಲ.

ಹೊಳೆಯ ನೀರಿನ ವಿಷಯವಾಗಿಯೂ ಒಂದು ಮಾತು. ಹರಿಹರದ ಎದುರು ದಂಡೆಯ ಕುಮಾರಪಟ್ಟಣದ ಕಾರ್ಖಾನೆಯಿಂದ ತುಂಗಭದ್ರೆಗೆ ಬರುತ್ತಿದ್ದ ತ್ಯಾಜ್ಯದ ವಿರುದ್ಧ 1980ರ ದಶಕದಲ್ಲಿ ದಂಡೆಯ ಹಳ್ಳಿಗರು ಎದ್ದು ನಿಂತರು. ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಅವರಿಗೆ ಬೆಂಬಲವಾಯಿತು. ಹೊಳೆಯ ಕೆಳಗಡೆ ಇರುವವರು ಮೇಲಿನವರಿಂದ ಲೆಕ್ಕ ಕೇಳಬಹುದೆಂಬದನ್ನು ಆ ಹೋರಾಟ ಕಲಿಸಿತು. ಇನ್ನು ಊರೊಳಗಿನ ಗಟಾರದ ಸಂಗತಿ. ಮಧ್ಯ ಪ್ರದೇಶದ ರತ್ಲಾಮದ ನಿವಾಸಿಗಳು ಕೊಳಚೆಯ ವಿರುದ್ಧ ದೂರಿತ್ತಾಗ ಪುರಸಭೆ ಹಣವಿಲ್ಲವೆಂದಿತು. 1980ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮಾತನ್ನು ಕೇಳಲಿಲ್ಲ. ನೈರ್ಮಲ್ಯವನ್ನು ಒದಗಿಸಲೇಬೇಕೆಂದು ಆಜ್ಞಾಪಿಸಿತು. ಅಂದು ಆಧಾರವಾದ ದಂಡಪ್ರಕ್ರಿಯೆಯ 133ನೆಯ ಕಲಮು, 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ 152ನೆಯ ಕಲಮಾಗಿ ಉಳಿದಿದೆ. ಗಟಾರವು ಸಣ್ಣ ಸಂಗತಿಯೆಂದು ಕಾನೂನು ಎಂದೂ ಹೇಳಿಲ್ಲ.

ಇನ್ನು ಆರೋಗ್ಯದ ಏರ್ಪಾಡಿಗೆ ಬರೋಣ. 1946ರಲ್ಲಿ ವರದಿಯಿತ್ತ ಭೋರ್ ಸಮಿತಿಯು, ಹಣ ಕೊಡಲಾರದವನೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂಬ ತತ್ತ್ವದ ಮೇಲೆ ಹಳ್ಳಿಯಿಂದ ಜಿಲ್ಲೆಯ ವರೆಗೆ ಮೆಟ್ಟಿಲುಗಳಂತೆ ಆರೋಗ್ಯ ಕೇಂದ್ರಗಳನ್ನು ಕಲ್ಪಿಸಿತು. ಇಂದಿನ ಮೆಟ್ಟಿಲುಗಳು ಇವು. ಸುಮಾರು ಸಾವಿರ ಜನಕ್ಕೆ ಒಬ್ಬ ಆಶಾ ಕಾರ್ಯಕರ್ತೆ. ಬಯಲುಸೀಮೆಯಲ್ಲಿ ಐದು ಸಾವಿರಕ್ಕೊಂದು ಉಪಕೇಂದ್ರ, ಮೂವತ್ತು ಸಾವಿರಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಅದರ ಮೇಲೆ ಸಮುದಾಯ ಆರೋಗ್ಯ ಕೇಂದ್ರ, ಹರಪನಹಳ್ಳಿಯ ತಾಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ. ಉಪಕೇಂದ್ರಗಳ ಗೋಡೆಯ ಮೇಲೆ ಈಗ ಆಯುಷ್ಮಾನ್ ಆರೋಗ್ಯ ಮಂದಿರವೆಂಬ ಹೆಸರು ಕಂಡೀತು. ಹೆಸರು ಬದಲಾದರೂ ಅಲ್ಲಿ ಕೇಳತಕ್ಕದ್ದು ಅದೇ: ಮಗುವಿನ ಲಸಿಕೆ, ಬಸುರಿಯ ತಪಾಸಣೆ, ರಕ್ತದೊತ್ತಡ ಸಕ್ಕರೆ ಕಾಯಿಲೆಗಳ ಪರೀಕ್ಷೆ ಮತ್ತು ಔಷಧ. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಸರಕಾರೀ ಆಸ್ಪತ್ರೆಗೆ ಹೋಗಿರಿ, ಲಸಿಕೆ ಪುಕ್ಕಟೆ. ಹಾವು ಕಚ್ಚಿದರೆ ಕೊಯ್ಯುವದೂ ಬೇಡ, ಕಟ್ಟುವದೂ ಬೇಡ, ಮಂತ್ರಕ್ಕೆ ಹೊತ್ತು ಕಳೆಯುವದಂತೂ ಬೇಡವೇ ಬೇಡ. 2024ರಲ್ಲಿ ಕರ್ನಾಟಕವು ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ಸಂಗತಿಯೆಂದು ಗೊತ್ತುಪಡಿಸಿದೆ.

ತುರ್ತಿಗೆ 108 ಎಂಬ ಸಂಖ್ಯೆ. ಆ ವಾಹನಸೇವೆಯು 2008ರ ರಾಜ್ಯೋತ್ಸವದ ದಿನವೇ ಕರ್ನಾಟಕದಲ್ಲಿ ಮೊದಲಾಯಿತು. ಮನಸ್ಸಿನ ಬೇಗೆಗೆ 14416. ಇದನ್ನು ಹೇಳಲು ನಾಚಬೇಕಾಗಿಲ್ಲ, ಸಾಲಕ್ಕೋ ಬೆಳೆ ಕೆಟ್ಟದ್ದಕ್ಕೋ ಜೀವ ಬೇಸತ್ತವನು ನಡುರಾತ್ರಿಯಲ್ಲಿಯೂ ಕನ್ನಡದಲ್ಲಿ ಮಾತನಾಡಬಹುದು. ದೊಡ್ಡ ಕಾಯಿಲೆಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಿದೆ. ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯ ವರೆಗೆ. ಹೊಲ ಮಾರುವ ಮೊದಲು ಪಡಿತರ ಚೀಟಿಯನ್ನೂ ಆಧಾರ ಚೀಟಿಯನ್ನೂ ಹಿಡಿದು ಸರಕಾರೀ ಆಸ್ಪತ್ರೆಗೆ ಹೋಗಿ ವಿಚಾರಿಸಿರಿ. ಹೊಲದ ಕ್ರಯಪತ್ರ ಬರೆಯಿಸಲು ನನ್ನಂಥ ವಕೀಲರ ಬಳಿಗೆ ಬರುವವರಲ್ಲಿ ಎಷ್ಟೋ ಮಂದಿಗೆ ಈ ಮಾತು ಆ ದಿನದ ವರೆಗೂ ತಿಳಿದಿರುವದಿಲ್ಲ. ಇದೇ ನನ್ನನ್ನು ಇಲ್ಲಿಗೆ ಎಳೆತಂದ ಸಂಕಟ.

ತಾಯಂದಿರ ವಿಷಯವನ್ನು ಕೊನೆಗೆ ಇಟ್ಟುಕೊಂಡದ್ದು ಅದೇ ಎಲ್ಲಕ್ಕಿಂತ ದೊಡ್ಡದೆಂದು. ನಮ್ಮ ರಾಜ್ಯದ ಗರ್ಭಿಣಿಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ರಕ್ತಹೀನರೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಕಬ್ಬಿಣಾಂಶದ ಗುಳಿಗೆಯನ್ನು ಆಶಾ ಕಾರ್ಯಕರ್ತೆ ಮನೆಗೇ ತಂದುಕೊಡುತ್ತಾಳೆ. ಮಲ ಕಪ್ಪಾಯಿತೆಂದೋ ಕೂಸು ದಪ್ಪವಾದೀತೆಂದೋ ಅದನ್ನು ಗೂಡಿನಲ್ಲಿಟ್ಟು ಮರೆಯುತ್ತೇವೆ. ಪ್ರತಿ ತಿಂಗಳ 9ನೆಯ ತಾರೀಖು ಸರಕಾರೀ ಆಸ್ಪತ್ರೆಯಲ್ಲಿ ವೈದ್ಯರಿಂದ ಬಸುರಿಯರ ಪುಕ್ಕಟೆ ತಪಾಸಣೆಯ ದಿನ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಹೆರಿಗೆ, ಶಸ್ತ್ರಕ್ರಿಯೆ, ರಕ್ತ, ಔಷಧ, ಊಟ, ಮನೆಗೆ ಮರಳುವ ವಾಹನ — ಯಾವದಕ್ಕೂ ಹಣವಿಲ್ಲ. ಕೇಳಿದರೆ ಕೊಡಬೇಡಿರಿ, ರಸೀತಿ ಕೇಳಿರಿ, ತಾಲೂಕು ಆರೋಗ್ಯಾಧಿಕಾರಿಗೆ ಬರೆದು ಕೊಡಿರಿ. ದುಡಿಮೆಗಾಗಿ ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಕ್ಕೋ ಗುಳೇ ಹೋಗುವ ಕುಟುಂಬಗಳು ತಾಯಿ ಕಾರ್ಡನ್ನು ಸಂಗಡ ಒಯ್ಯಬೇಕು. ಅದಿದ್ದರೆ ಯಾವ ಊರಿನಲ್ಲಿಯೂ ಲಸಿಕೆ ತಪಾಸಣೆಗಳು ಮುಂದುವರಿಯುತ್ತವೆ.

2024ರ ನವಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಕ್ರಿಯೆಯಿಂದ ಹೆತ್ತ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡದ್ದು ತಮಗೆಲ್ಲ ನೆನಪಿದೆ. ನರಕ್ಕೆ ಏರಿಸಿದ ದ್ರಾವಣದ ಗುಣದ ಮೇಲೆ ಸಂದೇಹ ಬಂದು ಸರಕಾರ ಅದರ ಬಳಕೆಯನ್ನು ತಡೆಯಿತು, ವಿಚಾರಣೆಗೆ ತೊಡಗಿತು. ಇದನ್ನು ಕೇಳಿ, ಆಸ್ಪತ್ರೆಯ ಸಹವಾಸವೇ ಬೇಡ, ಮನೆಯಲ್ಲೇ ಹೆರಿಗೆಯಾಗಲಿ ಎನ್ನುವವರುಂಟು. ಅವರ ಭಯವನ್ನು ನಾನು ಹಳಿಯಲಾರೆ. ಅವರ ತೀರ್ಮಾನವನ್ನು ಮಾತ್ರ ಒಪ್ಪಲಾರೆ. ಮನೆಯ ಹೆರಿಗೆಯಲ್ಲಿ ರಕ್ತ ಹರಿಯತೊಡಗಿದರೆ ಅದನ್ನು ತಡೆಯುವ ಸಾಧನ ಮನೆಯಲ್ಲಿ ಇಲ್ಲ. ಆಸ್ಪತ್ರೆಯನ್ನು ಬಿಡುವದು ಪರಿಹಾರವಲ್ಲ. ಅದನ್ನು ನಮ್ಮದೆಂದು ತಿಳಿದು ಲೆಕ್ಕ ಕೇಳುವದು ಪರಿಹಾರ. ಆಗ ಬಳ್ಳಾರಿಯ ಸಂಗತಿ ಬಯಲಿಗೆ ಬಂದದ್ದು ಸತ್ತವರ ಮನೆಯವರೂ ಪತ್ರಿಕೆಗಳೂ ಸುಮ್ಮನಿರದೆ ಕೇಳಿದ್ದರಿಂದಲೇ.

ಹಾಗಾದರೆ ನಾವು ಮಾಡತಕ್ಕದ್ದೇನು? ಊರೂರಿಗೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯೊಂದಿದೆ. ಅದರ ಸಭೆ ಕಾಗದದ ಮೇಲೆ ನಡೆಯದಂತೆ ಓದುಬರಹ ಬಲ್ಲ ನಾಲ್ವರು ಹೋಗಿ ಕೂರಬೇಕು. ಗ್ರಾಮಸಭೆಯಲ್ಲಿ ನೀರಿನ ಪರೀಕ್ಷೆಯ ಫಲವನ್ನು ಓದಿಸಬೇಕು. ವೈದ್ಯರಿಲ್ಲ, ದಾದಿಯಿಲ್ಲ, ಔಷಧವಿಲ್ಲವೆಂದರೆ ಬಾಯಿಮಾತಿನ ಗೊಣಗಾಟ ಸಾಲದು. ದಿನ, ವೇಳೆ, ರೋಗಿಯ ಅವಸ್ಥೆಗಳನ್ನು ಬರೆದು ಸಹಿ ಹಾಕಿದ ಅರ್ಜಿ ಬೇಕು. 2005ರ ಮಾಹಿತಿ ಹಕ್ಕಿನ ಕಾಯಿದೆಯಿಂದ ಹತ್ತು ರೂಪಾಯಿಗೆ ಉತ್ತರ ತರಿಸಬಹುದು. ಉಪಾಧ್ಯಾಯರು ಶಾಲೆಯ ಗೋಡೆಯ ಮೇಲೆ ಈ ಸಂಖ್ಯೆಗಳನ್ನೂ ಈ ಹಕ್ಕುಗಳನ್ನೂ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಯಿಸಲಿ. ಮಕ್ಕಳು ಓದಿ ಮನೆಯಲ್ಲಿ ಅವ್ವನಿಗೆ ಹೇಳಲಿ. ಆರೋಗ್ಯ ಖಾತೆಯ ಚೀಟಿಗಳು, ಔಷಧದ ಸೂಚನೆಗಳು, ಶಸ್ತ್ರಕ್ರಿಯೆಗೆ ಮುಂಚೆ ಸಹಿ ಹಾಕಿಸಿಕೊಳ್ಳುವ ಪತ್ರಗಳು ಜನರಿಗೆ ತಿಳಿಯುವ ಕನ್ನಡದಲ್ಲಿರಬೇಕೆಂದು ಹಟ ಹಿಡಿಯೋಣ. ಅರಿಯದ ಭಾಷೆಯ ಕಾಗದಕ್ಕೆ ಹಾಕಿಸಿಕೊಂಡ ಹೆಬ್ಬೆಟ್ಟನ್ನು ಒಪ್ಪಿಗೆಯೆನ್ನಲು ನನ್ನ ವಕೀಲಿ ಮನಸ್ಸು ಸಿದ್ಧವಾಗಿಲ್ಲ.

ನಮ್ಮ ಹಿರಿಯರು ಹರಿದು ಹಂಚಿಹೋದ ನಾಡನ್ನು ಕೂಡಿಸಿದರು. ಅವರು ಕೇಳಿದ್ದು ನಕ್ಷೆಯ ಮೇಲಿನ ಬಣ್ಣವನ್ನಲ್ಲ. ಕನ್ನಡಿಗನ ಮನೆಗೆ ಆಡಳಿತವು ಅವನ ಮಾತಿನಲ್ಲಿ, ಅವನ ಬಾಗಿಲಿಗೆ ಬರಲೆಂದು ಕೇಳಿದರು. ಸರಕಾರಗಳ ನಡುವಿನ ಗಡಿ ಅಳಿಯಿತು. ಸರಕಾರದ ಕಾಗದಕ್ಕೂ ಬಡವನ ಹೊಸ್ತಿಲಿಗೂ ನಡುವೆ ಇನ್ನೊಂದು ಗಡಿ ಉಳಿದಿದೆ. ಅದನ್ನು ಅಳಿಸಲು ಆಯೋಗ ಬೇಕಾಗಿಲ್ಲ, ಕಾಯಿದೆಯೂ ಬೇಕಾಗಿಲ್ಲ. ತಿಳಿದವನು ತಿಳಿಯದವನ ಮನೆಗೆ ಹೋಗಿ ಹೇಳಬೇಕು. ಇಂದು ರಾತ್ರಿ ಮನೆಗೆ ಹೋದಮೇಲೆ ತಮ್ಮ ಕೇರಿಯಲ್ಲಿ ಯಾರು ಬಸುರಿ, ಯಾರ ಮಗುವಿಗೆ ಲಸಿಕೆ ಬಾಕಿ, ಯಾರು ತಿಂಗಳಿಂದ ಕೆಮ್ಮುತ್ತಿದ್ದಾರೆ ಎಂಬದನ್ನು ನೆನೆದು ನೋಡಿರಿ; ನಾಳೆ ಬೆಳಿಗ್ಗೆ ಅವರ ಮನೆಗೆ ಹೋಗಿರಿ.